ನಾಲ್ಕು ವೈರು, ನಾಲ್ಕು ಹಸಿರು ಚುಕ್ಕಿ

ನಾನು ಕೆಲಸ ಮಾಡುತ್ತಿದ್ದ ಗಣಿಯ ಕಂಟ್ರೋಲ್ ರೂಮಿಗೆ ಹೊಸದಾಗಿ ಮೂವರು ಹುಡುಗಿಯರು ಸೇರಿದ್ದಾರಂತೆ. ಅಲ್ಲಿನ ಸಿಸ್ಟಮ್ಸ್ ಎಂಜಿನಿಯರ್ ಅಫ್ರೀನ್ ಮೊನ್ನೆ ಹೊಸಪೇಟೆಯ ನನ್ನ ಮನೆಗೆ ಬಂದವಳು, ಚಹಾದ ಕಪ್ಪು ಕೆಳಗಿಡುವ ಮೊದಲೇ ಕೆಲಸ ಹಚ್ಚಿದಳು.

“ಮೇಡಂ, ಆ ಹುಡುಗ್ಯಾರಿಗೆ ಮ್ಯಾನ್ಯುವಲ್ ನಾ ಕೊಟ್ಟೀನ್ರಿ. ಅದರಾಗ ಇಲ್ಲದ್ದು ನೀವು ಬರದು ಕೊಡ್ರಿ.”

“ನನ್ನ ಕಾಲದ್ದು ಓದಿ ಏನ್ ಮಾಡ್ತಾರಮ್ಮ? ಈಗ ಎಲ್ಲಾ ಟ್ಯಾಬ್ಲೆಟ್ ಅಲ್ಲೇನು?”

“ಟ್ಯಾಬ್ಲೆಟ್ಟಿಂದೇ ಬರೀರಿ ಮತ್ತ. ಆ ಸೀತಾಫಲದಾಕಿ ಬಂದ ದಿನದ್ದು.”

ಆ ದಿನದ್ದು ಬರೆಯಬೇಕಾದರೆ ಅದಕ್ಕೂ ಹಿಂದಿನದನ್ನು ಬರೆಯಲೇಬೇಕು. ನನಗೆ ಯಾವ ವರ್ಷ ಯಾವ ಪ್ರಮೋಷನ್ ಬಂತು ಅನ್ನುವುದು ಸರ್ವಿಸ್ ರಿಜಿಸ್ಟರಿನಲ್ಲಿದೆ, ಅಲ್ಲೇ ಇರಲಿ. ಹೊಸಬರಿಗೆ ಅದರಿಂದ ಪ್ರಯೋಜನವಿಲ್ಲ. ನಾನು ಎಲ್ಲಿ ಎಡವಿದೆ ಅನ್ನುವುದರಿಂದ ಇದ್ದರೂ ಇರಬಹುದು.

ನಮ್ಮದು ಕಂಪ್ಲಿ. ಅಪ್ಪ ಅಂಚೆ ಇಲಾಖೆಯಲ್ಲಿ ಗುಮಾಸ್ತರು. ಹೆಣ್ಣುಮಗಳಿಗೆ ಇಂಗ್ಲಿಷ್ ಬರಬೇಕು ಅನ್ನುವ ಒಂದೇ ಹಟದಿಂದ ನನ್ನನ್ನು ಕಾನ್ವೆಂಟಿನ ಹಾಸ್ಟೆಲಿಗೆ ಸೇರಿಸಿದ್ದರು. ಅಲ್ಲಿ ನಮ್ಮ ಹೆಡ್‌ಮಿಸ್ಟ್ರೆಸ್ ಸಿಸ್ಟರ್, ಯಾರಾದರೂ ತಡವರಿಸಿದರೆ ಮೇಜಿನ ಮೇಲೆ ಬೆರಳು ಬಡಿದು, “ಒನ್ ಥಿಂಗ್ ಅಟ್ ಎ ಟೈಮ್, ಚೈಲ್ಡ್” ಅನ್ನುತ್ತಿದ್ದರು. ಆಮೇಲೆ ನನ್ನ ಪಾಲಿಗೆ ಬಂದ ಕೆಲಸವೋ, ಒಂದೇ ಸಲಕ್ಕೆ ನಾಲ್ಕು ಕಡೆ ಕಿವಿ ಕೊಡುವುದು!

ಸಂಡೂರಿನ ಗುಡ್ಡದ ಮೇಲಿನ ಕಬ್ಬಿಣದ ಅದಿರಿನ ಗಣಿಗೆ ಟೆಲಿಫೋನ್ ಆಪರೇಟರ್ ಬೇಕಾಗಿತ್ತು. ಇಂಟರ್‌ವ್ಯೂ ವಿಚಿತ್ರವಾಗಿತ್ತು. ಒಂದು ಕೋಣೆಯಲ್ಲಿ ನಾನು, ಪಕ್ಕದ ಕೋಣೆಯಲ್ಲಿ ಮ್ಯಾನೇಜರ್ ಸಾಹೇಬರು. ಫೋನಿನಲ್ಲಿ ಪೇಪರ್ ಓದು ಅಂದರು, ಓದಿದೆ. ಕನ್ನಡದಲ್ಲಿ ಜಗಳವಾಡು ಅಂದರು. ಏನು ಜಗಳ ಅಂತ ಕೇಳಿದೆ. “ಬಸ್ ತಡ ಆಗಿದೆ ಅಂತ ಆಡಮ್ಮ” ಅಂದರು. ಕಂಪ್ಲಿ ಬಸ್ ನಿಜಕ್ಕೂ ಆ ದಿನ ಒಂದು ತಾಸು ತಡ ಮಾಡಿತ್ತು. ಆಡಿದೆ, ಚೆನ್ನಾಗಿಯೇ ಆಡಿದೆ. ಕೆಲಸ ಸಿಕ್ಕಿತು. ಆಗ ನನಗೆ ಇಪ್ಪತ್ತೊಂದು.

ನನ್ನ ಬೋರ್ಡನ್ನು ಈಗಿನವರು ನೋಡಿಲ್ಲ, ಹಾಗಾಗಿ ಹೇಳುತ್ತೇನೆ. ನಿಂತ ಪಿಯಾನೋದಷ್ಟು ದೊಡ್ಡ ಮರದ ಪೆಟ್ಟಿಗೆ. ಎದುರಿಗೆ ಸಾಲುಸಾಲು ತೂತು, ಪ್ರತಿ ತೂತಿನ ಮೇಲೆ ರೆಪ್ಪೆಯಂಥ ಒಂದು ತಗಡು. ಅತ್ತ ಯಾರಾದರೂ ಫೋನಿನ ಹಿಡಿಕೆ ತಿರುಗಿಸಿದರೆ ಇತ್ತ ಆ ರೆಪ್ಪೆ ಟಪ್ ಅಂತ ಬೀಳುತ್ತಿತ್ತು. ಬಿದ್ದ ಕಡೆ ವೈರು ಚುಚ್ಚಿ ಮಾತಾಡಿಸಬೇಕು. ಇಂಥ ವೈರುಗಳು ಹತ್ತು ಜೋಡಿ ಇದ್ದವು. ಹತ್ತನ್ನೂ ಒಮ್ಮೆಗೇ ಓಡಿಸುತ್ತಿದ್ದೆ. ಆಫೀಸಿನ ಗಂಡಸರು ಊಟದ ಹೊತ್ತಿನಲ್ಲಿ ಬಾಗಿಲಿಗೆ ನಿಂತು ನೋಡುತ್ತಿದ್ದರು. ಕೆಂಪು ಧೂಳು ಸೀರೆಯ ನೆರಿಗೆಗೂ ಇಳಿಯುತ್ತಿತ್ತು, ಬಿಸಿಯಾದ ಬೋರ್ಡಿನಿಂದ ಒಂದು ತರಹದ ಅರಗಿನ ವಾಸನೆ ಬರುತ್ತಿತ್ತು. ಇವತ್ತಿಗೂ ಎಲ್ಲಾದರೂ ಆ ವಾಸನೆ ಬಂದರೆ ನನ್ನ ಬಲಗೈ ತನ್ನಷ್ಟಕ್ಕೇ ಮೇಲೇಳುತ್ತದೆ.

ಆದರೆ ಬೋರ್ಡಿನ ನಿಜವಾದ ಕೆಲಸ ಇದ್ದದ್ದು ಮಧ್ಯಾಹ್ನ ಎರಡು ಗಂಟೆಗೆ. ಅದು ಬ್ಲಾಸ್ಟಿಂಗ್ ಹೊತ್ತು. ಗುಡ್ಡದ ಬಂಡೆಗೆ ರಂಧ್ರ ಕೊರೆದು ಮದ್ದು ತುಂಬಿ ಹಾರಿಸುವಾಗ ಸುತ್ತ ಒಂದು ನರಪಿಳ್ಳೆಯೂ ಇರಬಾರದು. ಗುಡ್ಡಕ್ಕೆ ಬರುವ ನಾಲ್ಕು ದಾರಿಗೆ ನಾಲ್ಕು ಪೋಸ್ಟ್: ರಸ್ತೆ ಪೋಸ್ಟ್, ಹಳ್ಳದ ಪೋಸ್ಟ್, ಗುಡಿ ಪೋಸ್ಟ್, ಬೇವಿನಮರದ ಪೋಸ್ಟ್. ಪ್ರತಿ ಪೋಸ್ಟಿನಲ್ಲಿ ಕೆಂಪು ಬಾವುಟ ಹಿಡಿದ ಒಬ್ಬ ಕಾವಲಿನವ, ಅವನ ಪಕ್ಕ ಒಂದು ಫೋನು. ಮದ್ದು ಹಾರಿಸುವ ಫೋರ್‌ಮನ್ನಿಗೆ ಗುಡ್ಡದ ಆಚೆ ಕಾಣುವುದಿಲ್ಲ, ಕಾವಲಿನವರಿಗೆ ಒಬ್ಬರಿಗೊಬ್ಬರು ಕಾಣುವುದಿಲ್ಲ. ನಾಲ್ವರಿಂದಲೂ “ಕ್ಲಿಯರ್” ಪಡೆದು ನಾನು ಫೋರ್‌ಮನ್ನಿಗೆ “ಆಲ್ ಕ್ಲಿಯರ್” ಅನ್ನಬೇಕು. ಅಂದಮೇಲೆಯೇ ಅವರು ಕೀಲಿ ತಿರುಗಿಸುತ್ತಿದ್ದರು. ನಾಲ್ಕೂ ದಾರಿ ಕಾಣದ ಹುಡುಗಿಯ ಮಾತಿನ ಮೇಲೆ ಗುಡ್ಡ ಹಾರುತ್ತಿತ್ತು.

ಆಗಿನ ಫೋರ್‌ಮನ್ ವೀರಭದ್ರಪ್ಪನವರು ಪಾಪಿನಾಯಕನಹಳ್ಳಿಯವರು. ಎಲೆ ಅಡಿಕೆಯ ಬಾಯಿ, ಗುಡುಗಿನ ದನಿ. ಮೊದಲ ದಿನವೇ ಬಂದು ಬೋರ್ಡಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಕೇಳಿದರು.

“ಎಷ್ಟು ವೈರು ಐತವಾ ಇದಕ್ಕ?”

“ಹತ್ತು ಜೋಡಿ ಸರ್.”

“ಎರಡು ಗಂಟೆಗೆ ಎಷ್ಟು ಹಾಕ್ತಿ?”

“ಹತ್ತೂ ನಡೆಸಬಲ್ಲೆ ಸರ್” ಅಂದೆ, ಹೆಮ್ಮೆಯಿಂದ.

“ಬ್ಯಾಡ. ನಾಕು. ನನ್ನ ಲೈನ್ ಬಿಟ್ಟು ನಾಕು. ಮಿಕ್ಕಿದ್ದು ದೆಲ್ಲಿಯಿಂದ ಬಂದ್ರೂ ಮುಟ್ಟಬ್ಯಾಡ. ಯಂತ್ರಕ್ಕ ಹತ್ತು ಕೈ ಇರಬೋದು, ನಿನಗ ಇರೋದು ಎರಡ ಕಿವಿ.”

ನನಗೆ ಸಿಟ್ಟು ಬಂದಿತ್ತು. ಇಷ್ಟು ದೊಡ್ಡ ಬೋರ್ಡು ಕೊಟ್ಟು ನಾಲ್ಕೇ ವೈರು ಅಂದರೆ ಏನರ್ಥ? ಒಂದು ವಾರಕ್ಕೇ ಪರೀಕ್ಷೆ ಬಂತು. ಮ್ಯಾನೇಜರ್ ಸಾಹೇಬರು ಬೆಳಗಿನಿಂದ ಮದ್ರಾಸಿನ ಟ್ರಂಕ್ ಕಾಲಿಗೆ ಕಾದಿದ್ದರು. ಸರಿಯಾಗಿ ಎರಡಕ್ಕೆ ಅದರ ರೆಪ್ಪೆ ಬಿತ್ತು. ನಾನು ನೋಡಿದೆ, ಮುಟ್ಟಲಿಲ್ಲ. ಮದ್ದು ಹಾರಿತು, ಮದ್ರಾಸ್ ಹೋಯಿತು. ಸಾಹೇಬರು ಬಾಗಿಲು ದೂಡಿಕೊಂಡು ಬಂದು, “ಆರ್ ಯೂ ಡೆಫ್?” ಎಂದು ಕಿರುಚಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಹಿಂದೆ ವೀರಭದ್ರಪ್ಪ.

“ಸಾಹೇಬ್ರ, ಬೈಯೋದಿದ್ರ ನನ್ನ ಬೈರಿ. ಆಕಿ ಮದ್ರಾಸಿಗೆ ಕಿವಿ ಕೊಟ್ಟಿದ್ರ ಹಳ್ಳದ ಪೋಸ್ಟಿನ್ಯಾಗ ಯಾರ್ ಸತ್ರೂ ನಿಮಗ ಮದ್ರಾಸಿನ್ಯಾಗ ಕೇಳಸ್ತಿರಲಿಲ್ಲ.”

ಸಾಹೇಬರು ಹೋದರು. ಮರುದಿನದಿಂದ ಮದ್ರಾಸಿನವರಿಗೆ ಮೂರರ ಮೇಲೆ ಫೋನ್ ಮಾಡಲು ಹೇಳಿದರು.

ಇಷ್ಟು ಹೇಳಿಕೊಟ್ಟ ಮೇಲೂ ನಾನು ತಪ್ಪಿದೆ. ಸೇರಿ ಎರಡನೇ ವರ್ಷ. ಬೇವಿನಮರದ ಪೋಸ್ಟಿನಲ್ಲಿ ದುರುಗಪ್ಪ ಎಂಬ ಕಾವಲಿನವ. “ಕ್ಲಿಯರ್ ಅಕ್ಕಾರ” ಅಂದ. ಉಳಿದ ಮೂವರೂ ಅಂದರು. ಹಳ್ಳದ ಪೋಸ್ಟಿನವ ದನ ಅಡ್ಡ ಬಂದಿವೆ ಅಂತ ಸ್ವಲ್ಪ ತಡ ಮಾಡಿದ್ದ. ಆ ಸ್ವಲ್ಪದಲ್ಲಿ ನೀರಿನ ಪೀಪಾಯಿ ಹೇರಿದ ಒಂದು ಎತ್ತಿನ ಗಾಡಿ ದುರುಗಪ್ಪನ ದಾರಿಗೆ ಬಂದಿದೆ. ಅವನು ಫೋನಿನ ಹಿಡಿಕೆ ತಿರುಗಿಸಿಯೇ ತಿರುಗಿಸಿದ್ದಾನೆ. ನನ್ನ ಕಡೆ ರೆಪ್ಪೆ ಬೀಳಲಿಲ್ಲ. ಯಾವುದೋ ಎಮ್ಮೆ ವೈರು ತುಳಿದು ಹರಿದಿತ್ತು. ಅವನ ಲೈನು ಸುಮ್ಮನಿದೆ, ಸುಮ್ಮನಿದ್ದರೆ ಎಲ್ಲ ಸರಿ ಇದೆ ಅಂತ ನಾನು ಅಂದುಕೊಂಡೆ. “ಆಲ್ ಕ್ಲಿಯರ್” ಅಂದುಬಿಟ್ಟೆ.

ತಲೆಯಷ್ಟು ಗಾತ್ರದ ಕಲ್ಲು ಪೀಪಾಯಿ ಸೀಳಿಕೊಂಡು ಹೋಯಿತು. ಗಾಡಿಯವ ಸೈರನ್ನಿಗೆ ಹೆದರಿ ಗಾಡಿಯ ಕೆಳಗೆ ನುಗ್ಗಿದ್ದರಿಂದ ಬದುಕಿದ. ನಾಲ್ಕು ದಿನ ಕಿವಿ ಕೇಳಿಸಲಿಲ್ಲ ಅವನಿಗೆ. ಎತ್ತುಗಳು ಪುಣ್ಯಕ್ಕೆ ಕಿತ್ತುಕೊಂಡು ಓಡಿದ್ದವು.

ನಾನು ರಾಜೀನಾಮೆ ಬರೆದು ತಂದೆ, ಒಳ್ಳೆಯ ಇಂಗ್ಲಿಷಿನಲ್ಲಿ. ವೀರಭದ್ರಪ್ಪ ಅದನ್ನು ಓದದೆ ಮಡಚಿ ಎಲೆ ಅಡಿಕೆಯ ಸಂಚಿಗೆ ಹಾಕಿಕೊಂಡರು.

“ನೀ ಹ್ವಾದ್ರ ನಾಳಿ ಎರಡಕ್ಕ ಯಾರು ಕುಂದ್ರತಾರ? ಈ ತಪ್ಪು ಇನ್ನೂ ಮಾಡದಾಕಿ ಬರ್ತಾಳ. ಆಕಿಗೂ ಇದ ಕಲ್ಯಾಕ ಒಂದು ಗಾಡಿ ಬೇಕು. ಸುಮ್ನ ಕುಂದ್ರು.”

ಮರುದಿನ ಬಡಗಿಯಿಂದ ಒಂದು ಹಲಗೆ ಮಾಡಿಸಿ ತಂದರು. ಅದರಲ್ಲಿ ನಾಲ್ಕು ಮೊಳೆ, ನಾಲ್ಕು ತಗಡಿನ ಬಿಲ್ಲೆ, ಒಂದು ಮೈ ಕೆಂಪು, ಇನ್ನೊಂದು ಹಸಿರು. ದನಿ ಕೇಳಿದ ಮೇಲೆಯೇ ಬಿಲ್ಲೆ ತಿರುಗಿಸಬೇಕು. ನಾಲ್ಕೂ ಹಸಿರಾದ ಮೇಲೆ ಎರಡನೇ ಸುತ್ತು ಶುರು. ಎರಡನೇ ಸುತ್ತಿನಲ್ಲಿ “ಕ್ಲಿಯರಾ?” ಅಂತ ಕೇಳುವಂತಿಲ್ಲ. “ಏನ್ ಕಾಣತೈತಿ?” ಅಂತ ಕೇಳಬೇಕು.

“ಕ್ಲಿಯರ್ ಅನ್ನೋದು ನಿದ್ದಿಗಣ್ಣಾಗೂ ಬರತೈತಿ. ಏನ್ ಕಾಣತೈತಿ ಅಂದ್ರ ಮಗಾ ಕಣ್ಣು ತೆರೀಬೇಕು” ಎಂದರು ವೀರಭದ್ರಪ್ಪ.

ಹಾಗೆ ಶುರುವಾದದ್ದು, ಕೊನೆಗೊಂದು ತಿಂಗಳು ಬಿಟ್ಟರೆ, ನನ್ನ ಸರ್ವಿಸ್ ಮುಗಿಯುವವರೆಗೆ ನಡೆಯಿತು. ಪ್ರತಿದಿನ ಎರಡು ಗಂಟೆಗೆ ನಾಲ್ವರು ಗಂಡಸರು ನನಗೆ ಗುಡ್ಡವನ್ನು ವರ್ಣಿಸುತ್ತಿದ್ದರು. “ಹಳ್ಳದಾಗ ಎರಡು ಕೊಕ್ಕರೆ, ಮಂದಿ ಇಲ್ರಿ.” “ಗುಡಿ ಬಾಗಿಲು ಹಾಕೇತಿ, ಪೂಜಾರಿ ಇಳದು ಹ್ವಾದ.” ದುರುಗಪ್ಪನಂತೂ ಕವಿಯೇ. “ಬೇವು ಹೂ ಬಿಟ್ಟೈತಿ ಅಕ್ಕಾರ, ಗಾಳಿಗೆ ನನ್ನ ಮ್ಯಾಲೆಲ್ಲಾ ಉದುರತೈತಿ. ಒಂದು ಓತಿಕ್ಯಾತ ಐತಿ, ಅದೂ ನನ್ನ ನೋಡಾಕತ್ತೈತಿ. ಮಂದಿ ಇಲ್ಲ.” ಆಫೀಸಿನ ಕೋಣೆಯಿಂದ ಹೊರಗೆ ಬಾರದೆ ನಾನು ಆ ಗುಡ್ಡದ ಎಲ್ಲ ಋತುಗಳನ್ನೂ ನೋಡಿದ್ದೇನೆ.

ಒಂದು ಸಲ ದುರುಗಪ್ಪ ಗಾಬರಿಯಲ್ಲಿ ಕೂಗಿದ. “ಅಕ್ಕಾರ, ಬಿಳಿ ಮಂದಿ ಇಬ್ರು ಬಂದಾರ್ರಿ, ಮೋಟರ್ ಸೈಕಲ್ ಮ್ಯಾಲ. ಬಾವುಟ ತೋರಸಿದ್ರ ಅವರೂ ಕೈ ಬೀಸತಾರ!”

ಹಂಪಿ ನೋಡಲು ಬಂದವರು ಕಮಲಾಪುರ ದಾಟಿ, ದಾರಿ ತಪ್ಪಿ ನಮ್ಮ ಗುಡ್ಡ ಹತ್ತಿದ್ದರು. ಫೋನ್ ಅವರ ಕೈಗೆ ಕೊಡು ಅಂದೆ. “ಗುಡ್ ಆಫ್ಟರ್‌ನೂನ್. ದಿಸ್ ಹಿಲ್ ವಿಲ್ ಬಿ ಬ್ಲೋನ್ ಅಪ್ ಶಾರ್ಟ್ಲಿ. ಕೈಂಡ್ಲಿ ಸಿಟ್ ವೇರ್ ದಿ ಜೆಂಟಲ್‌ಮನ್ ಟೆಲ್ಸ್ ಯೂ” ಎಂದೆ. ಆಮೇಲೆ ದುರುಗಪ್ಪ ಫೋನ್ ತೆಗೆದುಕೊಂಡು, “ಅಕ್ಕಾರ, ಏನಂದ್ರಿ ಅವರಿಗೆ? ನನ್ನ ಬೆನ್ನಿಗೆ ಅಂಟಿಕೊಂಡು ಕುಂತಾರ” ಎಂದ. ವೀರಭದ್ರಪ್ಪ ಒಂದು ವಾರ ನಗುತ್ತಿದ್ದರು. ಗುಡ್ಡ ಎನ್ನಬಾರದಿತ್ತು, ಬಂಡೆ ಎನ್ನಬೇಕಿತ್ತು, ಒಪ್ಪುತ್ತೇನೆ.

ಬೋರ್ಡು ಹೋಗಿ ವಾಕಿಟಾಕಿ ಬಂತು. ಬೋರ್ಡನ್ನು ಸ್ಟೋರಿಗೆ ಹೊತ್ತುಕೊಂಡು ಹೋದ ದಿನ ನಾನು ರಜೆ ಹಾಕಿದ್ದೆ, ನೋಡಲಾಗದೆ. ವೀರಭದ್ರಪ್ಪ ರಿಟೈರ್ ಆದರು, ಕೆಲವು ವರ್ಷಕ್ಕೆ ತೀರಿಕೊಂಡರು. ದುರುಗಪ್ಪನ ಜಾಗಕ್ಕೆ ಹುಲಿಗೆಮ್ಮ ಬಂದಳು, ಮಲಪನಗುಡಿಯವಳು, ನಮ್ಮಲ್ಲಿ ಬಾವುಟ ಹಿಡಿದ ಮೊದಲ ಹೆಂಗಸು. ಹಲಗೆ ಮತ್ತು ಬಿಲ್ಲೆ ಮಾತ್ರ ಗೋಡೆಯ ಮೇಲೆ ಹಾಗೇ ಇದ್ದವು.

ನನ್ನ ಸರ್ವಿಸಿನ ಕೊನೆಯ ಎರಡು ವರ್ಷಕ್ಕೆ ಬಂದದ್ದು ಟ್ಯಾಬ್ಲೆಟ್. ಜೊತೆಗೇ ಬಂದವಳು ಅಫ್ರೀನ್. ವಾಕಿಟಾಕಿ ವಾಪಸ್ ಹೋಯಿತು. ಕಾವಲಿನವರ ಕೈಗೆ ಫೋನು, ನನ್ನ ಕೈಗೆ ಶಾಲೆಯ ಸ್ಲೇಟಿನ ಗಾತ್ರದ ಈ ಗಾಜು. ಕ್ಲಿಯರೆನ್ಸ್ ಅನ್ನುವ ಒಂದು ಆ್ಯಪ್. ಕಾವಲಿನವರು ತಮ್ಮ ಫೋನಿನಲ್ಲಿ ಹಸಿರು ಒತ್ತಿದರೆ ನನಗೆ ಹಸಿರು ಚುಕ್ಕಿ, ಕೆಂಪು ಒತ್ತಿದರೆ ಕೆಂಪು ಚುಕ್ಕಿ ಮತ್ತು ಬೀಪ್. ಮಾತಾಡಲು ಇನ್ನೊಂದು ಆ್ಯಪ್. ಮಳೆ, ಸಿಡಿಲು ಬರುವ ಸೂಚನೆ ಇದೆಯಾ ನೋಡಲು ಮೂರನೆಯದು, ಯಾಕೆಂದರೆ ಮದ್ದು ತುಂಬಿದ ಮೇಲೆ ಸಿಡಿಲು ಹತ್ತಿರ ಬಂದರೆ ಅನಾಹುತ.

ಚೆಂದದ ವಸ್ತು. ಸುಳ್ಳು ಹೇಳುವುದಿಲ್ಲ, ನನಗೆ ಬಹಳ ಇಷ್ಟವಾಯಿತು. ಒಂದೇ ತೊಂದರೆ. ಎರಡು ಆ್ಯಪ್ ಅಕ್ಕಪಕ್ಕ ಕೂರುತ್ತಿದ್ದವು, ಮೂರನೆಯದಕ್ಕೆ ಜಾಗ ಕೊಡುತ್ತಿರಲಿಲ್ಲ.

“ಇದಕ್ಕ ಶಕ್ತಿ ಸಾಲದೇನಮ್ಮ?” ಅಂತ ಅಫ್ರೀನಳನ್ನು ಕೇಳಿದೆ.

“ಶಕ್ತಿ? ಇದರ ಚಿಪ್ ನನ್ನ ಲ್ಯಾಪ್‌ಟಾಪಿಗಿಂತ ಫಾಸ್ಟ್ ಐತ್ರಿ ಮೇಡಂ. ಇಪ್ಪತ್ತು ಕೆಲಸ ಒಮ್ಮೆಗೇ ಎತ್ತತೈತಿ. ಸಾಫ್ಟ್‌ವೇರ್ ಬಿಡಂಗಿಲ್ಲ. ಆನಿ ತಂದು ಆಡಿನ ಹಗ್ಗಕ್ಕ ಕಟ್ಯಾರ.”

“ಯಾಕ ಹಂಗ?”

“ಬ್ಯಾಟರಿ ಉಳೀಲಿ, ಬಿಸಿ ಆಗೋದು ಬ್ಯಾಡ ಅಂತ. ಇನ್ನೊಂದು ಮಾತು, ಎಲ್ಲಾ ಇದರಾಗ ಆಗಿಬಿಟ್ರ ಲ್ಯಾಪ್‌ಟಾಪ್ ಯಾರು ತಗೋತಾರ್ರಿ?” ಎಂದು ನಕ್ಕಳು.

ಅವಳಿಗೆ ಅದು ಅನ್ಯಾಯ ಅನ್ನಿಸುತ್ತಿತ್ತು. ನನಗೆ ವೀರಭದ್ರಪ್ಪನವರ ನಾಲ್ಕು ವೈರು ನೆನಪಾಯಿತು. ಯಂತ್ರಕ್ಕೆ ಹತ್ತು ಕೈ ಇದ್ದರೂ ಕಡಿಮೆ ಕೆಲಸ ಕೊಡುವುದು ಒಮ್ಮೊಮ್ಮೆ ಬುದ್ಧಿವಂತಿಕೆಯೇ ಅಂತ ಅವಳಿಗೆ ಹೇಳಿದೆ ಕೂಡ. ದೊಡ್ಡ ಜ್ಞಾನಿಯ ಹಾಗೆ ಹೇಳಿದೆ. ಆ ಜ್ಞಾನದಲ್ಲೇ ಒಂದು ತೂತು ಇತ್ತು.

ಪರದೆಯ ಕೆಳಗಿನಿಂದ ಬೆರಳು ಮೇಲಕ್ಕೆ ಎಳೆದರೆ ತೆರೆದಿಟ್ಟ ಆ್ಯಪ್‌ಗಳೆಲ್ಲ ಇಸ್ಪೀಟಿನ ಎಲೆಗಳ ಹಾಗೆ ಸಾಲಾಗಿ, ಚಿಕ್ಕದಾಗಿ ಕಾಣುತ್ತವೆ. ಇದನ್ನು ಕಂಡುಹಿಡಿದ ದಿನ ನನಗೆ ಎಷ್ಟು ಖುಷಿ! ಮಾತಿನದು, ಮಳೆಯದು ಅಕ್ಕಪಕ್ಕ ಇಟ್ಟುಕೊಂಡು, ಬೆರಳು ಎಳೆದು ಕ್ಲಿಯರೆನ್ಸಿನ ಎಲೆಯಲ್ಲಿ ನಾಲ್ಕು ಹಸಿರು ಚುಕ್ಕಿ ನೋಡಿಬಿಡುವುದು. ಮೂರೂ ಆಯಿತಲ್ಲ! ಅಫ್ರೀನಳಿಗೇ ತಿಳಿಯದ ಉಪಾಯ ನನಗೆ ತಿಳಿಯಿತು ಅಂದುಕೊಂಡೆ. ಆಡಳಿತದವರು, ಹಸಿರು ಲೈವ್ ಇರುವಾಗ ಎರಡನೇ ಸುತ್ತು ಯಾಕೆ, ಸಮಯ ಹಾಳು ಎಂದಿದ್ದರು. ನಾನು ಮೊದಲು ಜಗಳವಾಡಿದೆ, ಆಮೇಲೆ ಸುಮ್ಮನಾದೆ. ಸುಮಾರು ಒಂದು ತಿಂಗಳು ನಾನು ಯಾರನ್ನೂ “ಏನ್ ಕಾಣತೈತಿ” ಅಂತ ಕೇಳಲಿಲ್ಲ.

ಆ ದಿನ ಮಳೆಗಾಲ ಮುಗಿದು ಬಿಸಿಲು ಬಿದ್ದಿತ್ತು. ಗುಡ್ಡದ ತುಂಬ ಸೀತಾಫಲ. ಪೂರ್ವಕ್ಕೆ ಮೋಡ ಕಟ್ಟುತ್ತಿತ್ತು, ಹಾಗಾಗಿ ಮಳೆಯ ಆ್ಯಪ್ ಮೇಲೇ ನನ್ನ ಕಣ್ಣು. ನಾಲ್ವರೂ ಹಸಿರು ಒತ್ತಿದ್ದರು. ಸೈರನ್ ಆಯಿತು. ಹೊಸ ಫೋರ್‌ಮನ್ ಅವಸರದಲ್ಲಿದ್ದರು.

“ಮೇಡಂ, ಮ್ವಾಡ ಬರಾಕತ್ತೈತಿ. ಜಲ್ದಿ ಹೇಳ್ರಿ.”

ಬೆರಳು ಎಳೆದೆ. ಎಲೆ ಬಂತು. ನಾಲ್ಕು ಹಸಿರು. “ಆಲ್” ಅನ್ನುವ ಶಬ್ದ ನಾಲಿಗೆಯ ಮೇಲಿತ್ತು. ಆಗ ಆ ಎಲೆಯ ಮೂಲೆಯಲ್ಲಿದ್ದ ಗಡಿಯಾರ ಕಂಡಿತು, ಕ್ಲಿಯರೆನ್ಸ್ ಆ್ಯಪಿನದೇ ಪುಟ್ಟ ಗಡಿಯಾರ. ಒಂದು ಐವತ್ತೊಂದು. ಗೋಡೆಯ ಗಡಿಯಾರ ನೋಡಿದೆ. ಎರಡಕ್ಕೆ ಒಂದು ನಿಮಿಷ.

ಎಂಟು ನಿಮಿಷ ಎಲ್ಲಿ ಹೋಯಿತು?

“ತಡೀರಿ” ಅಂದೆ ಫೋರ್‌ಮನ್ನಿಗೆ.

“ಯಾಕ್ರಿ, ನಾಕೂ ಗ್ರೀನ್ ಅದಾವಿಲ್ಲ?”

“ಕೀಲಿಯಿಂದ ಕೈ ತೆಗೀರಿ. ನಾ ಹೇಳೂತನಕ ಮುಟ್ಟಬ್ಯಾಡ್ರಿ.”

ಆ ದನಿ ನನ್ನದಾಗಿರಲಿಲ್ಲ, ವೀರಭದ್ರಪ್ಪನವರದ್ದಾಗಿತ್ತು. ಮಾತಿನ ಆ್ಯಪಿನಲ್ಲಿ ಎರಡನೇ ಸುತ್ತು ಶುರು ಮಾಡಿದೆ. “ರಸ್ತೆ ಪೋಸ್ಟ್, ಏನ್ ಕಾಣತೈತಿ?” ಒಂದು ತಿಂಗಳ ಮೇಲೆ ಕೇಳಿದ್ದಕ್ಕೆ ಅವನು ಗಾಬರಿಯಾಗಿ, “ರಸ್ತೆ ಕಾಣತೈತ್ರಿ ಮೇಡಂ” ಎಂದ. ಹಳ್ಳದವ ಹೇಳಿದ. ಗುಡಿಯವ ಹೇಳಿದ. “ಬೇವಿನಮರ, ಹುಲಿಗೆಮ್ಮ, ಏನ್ ಕಾಣತೈತಿ?”

ಉತ್ತರವಿಲ್ಲ.

ಮತ್ತೆ ಕರೆದೆ. ಇಲ್ಲ. ಮೂರನೇ ಸಲ ಕರೆದಾಗ ಮೊದಲು ಏದುಸಿರು ಕೇಳಿತು, ಆಮೇಲೆ ಬೈಗುಳ. ಬೈಗುಳ ನನಗಲ್ಲ, ಬೇರೆ ಯಾರಿಗೋ.

“ಏ ಕುಂದ್ರಬೇ ಅಲ್ಲೇ! ಹಣ್ಣು ಆಮ್ಯಾಲೆ ಆರಿಸ್ಕೋ! … ಮೇಡಂ, ಒಬ್ಬಾಕಿ ಬುಟ್ಟಿ ಹೊತಗೊಂಡು ಮ್ಯಾಲ ಹತ್ತಿ ಬಿಟ್ಟಿದ್ದಳ್ರಿ, ಮದ್ದು ಇಟ್ಟ ಬಂಡೆ ತನಕ. ಸೈರನ್ ಆದ್ರೂ ಕೇಳವಲ್ಲಳು. ಎಳಕೊಂಡು ಬರಾಕತ್ತೀನಿ.”

“ನೀ ಯಾಕ ಹೇಳಲಿಲ್ಲ ನನಗ?”

“ಹೇಳಲಿಲ್ಲಾ? ಆವಾಗ್ಲೇ ಕೆಂಪು ಒತ್ತೀನಲ್ರಿ! ಒತ್ತೇ ಓಡೀನಿ. ನಿಮಗ ಕಾಣಲಿಲ್ಲೇನು?”

ಕ್ಲಿಯರೆನ್ಸಿನ ಎಲೆಯನ್ನು ಮುಟ್ಟಿದೆ. ಅದು ಹಿಗ್ಗಿ ಪರದೆ ತುಂಬಿತು. ಆಗಲೂ ಹಸಿರು, ಆಗಲೂ ಹಸಿರು. ಗುಡ್ಡದ ಮೇಲಿನ ನೆಟ್‌ವರ್ಕ್ ನಿಧಾನ. ನಾನು ನೋಡುತ್ತಿರುವಾಗಲೇ ನಾಲ್ಕನೇ ಚುಕ್ಕಿ ಕೆಂಪಾಯಿತು. ತಡೆದಿಟ್ಟಿದ್ದ ಬೀಪ್ ಆಗ ಕೂಗಿತು.

ಮದ್ದು ಹಾರಿದ್ದು ಮೂರಕ್ಕೆ, ಮೋಡ ಚದುರಿದ ಮೇಲೆ, ಎರಡೂ ಸುತ್ತು ಮುಗಿಸಿ.

ಮರುದಿನ ಮೀಟಿಂಗ್. ಆಡಳಿತದವರು ಹ್ಯೂಮನ್ ಎರರ್ ಅಂತ ಬರೆಯುವ ತಯಾರಿಯಲ್ಲಿದ್ದರು. ನಾನು ಎದ್ದು ನಿಂತು, “ಸರ್, ತಪ್ಪು ನನ್ನದು. ಎರಡನೇ ಸುತ್ತು ಬಿಟ್ಟದ್ದು ನಾನು. ಬಟ್ ಪ್ಲೀಸ್, ಈ ವಸ್ತು ಏನು ಮಾಡಿತು ಅಂತಲೂ ನೋಡಿ” ಎಂದೆ. ಅಫ್ರೀನ್ ತೋರಿಸಿದಳು. ಕ್ಲಿಯರೆನ್ಸ್ ತೆರೆದಳು, ಬೇರೆ ಎರಡು ಆ್ಯಪ್ ಮೇಲೆ ತಂದಳು, ಎಲ್ಲರಿಗೂ ಚಹಾ ಕುಡಿಯಲು ಹೇಳಿದಳು. ಚಹಾ ಮುಗಿದ ಮೇಲೆ ಬೆರಳು ಎಳೆದಳು. ಎಲೆಯ ಮೇಲಿನ ಗಡಿಯಾರ ಚಹಾಕ್ಕೆ ಮುಂಚಿನ ಹೊತ್ತಿನಲ್ಲೇ ನಿಂತಿತ್ತು.

“ಇದು ಕಿಟಕಿ ಅಲ್ಲ ಸರ್, ಫೋಟೋ” ಎಂದಳು. “ನಾವು ಆ್ಯಪ್ ಬಿಟ್ಟು ಹೋದ ಕ್ಷಣದಲ್ಲಿ ಸಿಸ್ಟಮ್ ಒಂದು ಫೋಟೋ ತೆಗೆದು ಅಂಟಿಸಿ, ಹಿಂದೆ ಆ್ಯಪನ್ನು ಮಲಗಿಸುತ್ತದೆ. ಚಿಪ್ಪಿಗೆ ಇದನ್ನು ಎಚ್ಚರವಾಗಿ ಇಡುವುದು ಲೆಕ್ಕವೇ ಅಲ್ಲ. ಅದಕ್ಕೆ ಅಪ್ಪಣೆ ಇಲ್ಲ.” ಆಮೇಲೆ ನನ್ನ ಕಡೆ ತಿರುಗಿ, ಅಷ್ಟು ಜನರ ಮುಂದೆ, “ಇದು ನನಗ ಗೊತ್ತಿತ್ತು ಮೇಡಂ. ನಿಮಗೂ ಗೊತ್ತಿರತೈತಿ ಅನ್ಕೊಂಡೆ. ಅದು ನನ್ನ ತಪ್ಪು” ಎಂದಳು. ಆ ಹುಡುಗಿಯ ಮೇಲೆ ನನಗೆ ಗೌರವ ಬಂದದ್ದು ಆ ಹೊತ್ತಿನಲ್ಲಿ.

ನನ್ನ ಮಾತು ಇಷ್ಟೇ ಇತ್ತು. ವೀರಭದ್ರಪ್ಪ ನನ್ನ ಹತ್ತು ವೈರಿನಲ್ಲಿ ನಾಲ್ಕು ಬಿಟ್ಟು ಮಿಕ್ಕದ್ದನ್ನು ಕಿತ್ತುಕೊಂಡಾಗ ಎದುರಿಗೆ ಕೂತು ಹೇಳಿ ಕಿತ್ತುಕೊಂಡರು. ಮಿಕ್ಕವು ಕೆಲಸ ಮಾಡುವುದಿಲ್ಲ ಅಂತ ನನಗೆ ತಿಳಿದಿತ್ತು. ಕಾವಲಿನವ ಮಲಗಿದರೆ ಕಣ್ಣು ಮುಚ್ಚಿ ಮಲಗಲಿ, ಅವನನ್ನು ಎಬ್ಬಿಸಬಹುದು. ಕಣ್ಣು ಬಿಟ್ಟುಕೊಂಡು, ಕೈಯಲ್ಲಿ ಹಸಿರು ಬಾವುಟ ಹಿಡಿದೇ ಮಲಗಿದರೆ ಏನು ಮಾಡುವುದು?

ಕ್ಲಿಯರೆನ್ಸಿಗೇ ಒಂದು ಬೇರೆ ಟ್ಯಾಬ್ಲೆಟ್ ಕೊಡಿ, ಅದರ ಮೇಲೆ ಇನ್ನೊಂದು ಆ್ಯಪ್ ತೆರೆಯದ ಹಾಗೆ ಬೀಗ ಹಾಕಿ ಎಂದೆವು ನಾವಿಬ್ಬರೂ. ಹಿಂದಿನ ಸಾಲಿನಿಂದ ಒಬ್ಬ ಸಾಹೇಬರು, “ಅಷ್ಟು ಪವರ್‌ಫುಲ್ ಮಶೀನಿಗೆ ಒಂದೇ ಕೆಲಸವಾ? ವೇಸ್ಟ್ ಅಲ್ಲವಾ ಮೇಡಂ?” ಎಂದರು.

“ಸರ್, ನನ್ನ ಬೋರ್ಡಿಗೆ ಹತ್ತು ವೈರಿದ್ದವು. ಆ ಹೊತ್ತಿನಲ್ಲಿ ನಾಲ್ಕೇ ಹಾಕುತ್ತಿದ್ದೆ. ವೇಸ್ಟ್ ಆಗಲಿಲ್ಲ” ಎಂದೆ.

ಕೊಟ್ಟರು. ಎರಡನೇ ಸುತ್ತು ನಿಯಮದ ಹಾಳೆಗೆ ಸೇರಿತು, ಅಚ್ಚಗನ್ನಡದಲ್ಲಿ: “ಏನು ಕಾಣುತ್ತಿದೆ ಎಂದು ಕೇಳತಕ್ಕದ್ದು.” ಆ ಸಾಲಿನ ಕೆಳಗೆ ಯಾರ ಹೆಸರೂ ಇಲ್ಲ. ಆದರೆ ಅದು ಪಾಪಿನಾಯಕನಹಳ್ಳಿಯ ಒಬ್ಬ ಫೋರ್‌ಮನ್ನಿನ ಸಾಲು, ಒಬ್ಬ ಗಾಡಿಯವನ ಪೀಪಾಯಿ ಒಡೆದು ಕಲಿತ ಸಾಲು. ಅದನ್ನು ಕಳೆದು ಮತ್ತೆ ಹುಡುಕಿಕೊಟ್ಟವಳು ನಾನು. ನನಗೆ ಅಷ್ಟು ಹೆಮ್ಮೆ ಸಾಕು. ಸಾಕು ಅಂತೇನಲ್ಲ, ತುಂಬಾ ಇದೆ.

ಈಗಿನ ಟ್ಯಾಬ್ಲೆಟ್ಟಿನಲ್ಲಿ ನಾಲ್ಕು ಕಿಟಕಿ ಒಮ್ಮೆಗೇ ತೆರೆಯುತ್ತವಂತೆ, ಸಾಫ್ಟ್‌ವೇರಿನವರು ಹಗ್ಗ ಸಡಿಲ ಬಿಡುತ್ತಿದ್ದಾರಂತೆ. ಒಳ್ಳೆಯದು. ಆನೆ ನಡೆಯಲಿ. ಹುಡುಗಿಯರೇ, ನಾಲ್ಕಲ್ಲ, ನಲವತ್ತು ತೆರೆದುಕೊಳ್ಳಿ. ಯಾವುದು ಎಚ್ಚರವಾಗಿದೆ, ಯಾವುದು ಮಲಗಿದೆ ಅಂತ ಮಾತ್ರ ನಿಮಗೆ ತಿಳಿದಿರಲಿ. ಪರದೆಯ ಗಡಿಯಾರವನ್ನು ಗೋಡೆಯ ಗಡಿಯಾರದ ಜೊತೆ ಹೋಲಿಸಿ. ಆಮೇಲೆ ಬಾಯಿ ಬಿಟ್ಟು ಕೇಳಿ.

ಹೋದ ಸೀತಾಫಲದ ಕಾಲದಲ್ಲಿ ಹುಲಿಗೆಮ್ಮನ ಮಗಳ ಮದುವೆಯ ಮಾತುಕತೆಗೆ ಅಂತ ಸಂಡೂರಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬ ಹೆಂಗಸು ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಹುಲಿಗೆಮ್ಮ ನನ್ನನ್ನು ಮೊಣಕೈಯಿಂದ ತಿವಿದು, “ಈಕೀನ ನೋಡ್ರಿ ಮೇಡಂ” ಎಂದಳು.

ನಾನು ನಿಂತುಬಿಟ್ಟೆ. ಅಷ್ಟು ದಿನ ನನ್ನ ಪಾಲಿಗೆ ಅವಳು ಒಂದು ಕೆಂಪು ಚುಕ್ಕಿಯಾಗಿದ್ದಳು. ಈಗ ನೋಡಿದರೆ ಮೂಗುಬೊಟ್ಟು, ಒಡೆದ ಹಿಮ್ಮಡಿ, ಹಲ್ಲಿನ ನಡುವೆ ಒಂದು ಸಂದು. ಬಾಯಿ ಮಾತ್ರ ಭಾಳ ಜೋರು.

“ಯಾರ ಬೇ ಇವರು?”

“ಗಣಿಯ ಮೇಡಂ ಇದ್ರು. ಅವತ್ತು ಬ್ಲಾಸ್ಟಿಂಗ್ ನಿಲ್ಸಿದೋರು.”

“ಓ! ನೀವೇನ? ಛಲೋ ಮಾಡಿದ್ರಿ ನೋಡ್ರಿ! ಒಂದು ತಾಸು ಬಿಸಿಲಾಗ ಕುಂದ್ರಸಿದಳು ಈಕಿ. ನನ್ನ ಹಣ್ಣೆಲ್ಲಾ ಬಾಡಿದ್ವು, ಹೊಸಪ್ಯಾಟಿ ಬಸ್ ತಪ್ಪಿತು. ರೂಮಿನ್ಯಾಗ ಫ್ಯಾನ್ ಕೆಳಗ ಕುಂತೋರಿಗೆ ಏನ್ ಗೊತ್ತಾಗತೈತ್ರಿ?”

ಹುಲಿಗೆಮ್ಮ ಏನೋ ಹೇಳಲು ಬಾಯಿ ತೆರೆದಳು. ಬೇಡ ಅಂತ ಕೈ ಒತ್ತಿದೆ. ತಪ್ಪಾಯಿತಮ್ಮ ಎಂದು, ಹಣ್ಣು ಕೊಂಡೆ. ಅವಳು ಬೈಯುತ್ತಲೇ ಚೆನ್ನಾಗಿ ಕಣ್ಣು ಬಿಟ್ಟ ಹಣ್ಣುಗಳನ್ನೇ ಆರಿಸಿ ಹಾಕಿದಳು, ಮೇಲೊಂದು ಕೊಸರು ಇಟ್ಟಳು.

“ಮುಂದಿನ ಸಲ ಹಂಗ ಕುಂದ್ರಸಬ್ಯಾಡ್ರಿ ಮತ್ತ” ಎಂದಳು.

“ನಾ ಈಗ ಇಲ್ಲಮ್ಮ ಅಲ್ಲಿ. ಹೊಸ ಹುಡುಗ್ಯಾರು ಬರ್ತಾರ” ಎಂದೆ. “ಅವರೂ ಕುಂದ್ರಸ್ತಾರ.”